ಮುಖಪುಟದ ಚಿತ್ರ ಸಾಲದು

ಮಾನ್ಯರೇ,

ಈಗ ಏನು ಓದುತ್ತಿದ್ದೀರಿ ಎಂದು ಕೇಳಿದರೆ ಹಲವರು ಮುಖಪುಟದ ಚಿತ್ರ ಕಳುಹಿಸಿ, ‘ಎಲ್ಲರೂ ಓದಲೇಬೇಕಾದ ಕೃತಿ’ ಎಂದು ಷರಾ ಬರೆದು ಸುಮ್ಮನಾಗುತ್ತಾರೆ. ಅಂಥ ಕೃತಿ ಯಾವುದೂ ಇಲ್ಲ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಶಿಫಾರಸು ಮಾಡುವವರು ಆ ಓದುಗ ಯಾರೆಂದು ಹೇಳಲಿ. ಮೊದಲ ಅಧ್ಯಾಯಗಳು ನಿಧಾನವೇ? ಅನುವಾದವಾದರೆ ಅನುವಾದಕರು ಯಾರು? (ಆ ಹೆಸರು ಬಿಟ್ಟುಹೋಗುವುದೇ ಹೆಚ್ಚು.) ಅರ್ಧಕ್ಕೆ ಕೈಬಿಟ್ಟ ಪುಸ್ತಕದ ಬಗ್ಗೆಯೂ ಎರಡು ಸಾಲು ಬರೆಯಲಿ, ನನಗಂತೂ ಹೊಗಳಿಕೆಗಿಂತ ಅದೇ ಹೆಚ್ಚು ಉಪಯುಕ್ತ. ಇಂಥ ಟಿಪ್ಪಣಿಗಳಿಗೆ ಪತ್ರಿಕೆ ವಾರಕ್ಕೊಮ್ಮೆ ಕಾಲು ಪುಟ ಕೊಡಬಹುದೇ?

ಇಂತಿ,
ನಿಮ್ಮ ಓದುಗ