ವಿಜಯಪುರಕ್ಕೆ ಒಂದು ತಾಸು ಸಾಲದು

ಮಾನ್ಯರೆ,

ದಸರೆ ರಜೆ ಮುಗಿಯುತ್ತಿದ್ದಂತೆ ನಮ್ಮ ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡ ಭಾಗದ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗುತ್ತದೆ. ಮನೆಗಳಲ್ಲಿಯೂ ಡಿಸೆಂಬರ್ ತಿಂಗಳಲ್ಲಿ ಎಲ್ಲಿಗೆ ಹೋಗಿ ಬರಬೇಕೆಂಬ ಲೆಕ್ಕಾಚಾರ ನಡೆಯುತ್ತದೆ. ಈ ಪಟ್ಟಿಗಳಲ್ಲಿ ವಿಜಯಪುರದ ಹೆಸರು ತಪ್ಪದೆ ಇರುತ್ತದೆ. ಆದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ ಎಲ್ಲ ಮುಗಿದ ಮೇಲೆ, ಹೊತ್ತು ಉಳಿದರೆ ನೋಡುವ ಕೊನೆಯ ಊರಾಗಿ ಇರುತ್ತದೆ. ಹದಿನೈದನೆಯ ಶತಮಾನದ ಕೊನೆಯಿಂದ 1686ರವರೆಗೆ, ಹತ್ತಿರ ಹತ್ತಿರ ಇನ್ನೂರು ವರ್ಷ ಆದಿಲ್‌ಶಾಹಿ ರಾಜ್ಯದ ರಾಜಧಾನಿಯಾಗಿದ್ದ ಊರನ್ನು ಒಂದು ತಾಸಿನಲ್ಲಿ ಮುಗಿಸುವ ಈ ರೂಢಿಯನ್ನು ಬಿಡಬೇಕೆಂದೂ, ಅದಕ್ಕೆ ಎರಡು ಪೂರ್ತಿ ದಿನಗಳನ್ನು ಮೀಸಲಿಡಬೇಕೆಂದೂ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಹಾಗೂ ಪಾಲಕರಲ್ಲಿ ವಿನಂತಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾಗಿ ನಾನೂ ಅವರ ಶಾಲೆಯ ಪ್ರವಾಸದ ಬಸ್ಸು ಹತ್ತಿದ್ದೆ. ನಸುಕಿನ ನಾಲ್ಕು ಗಂಟೆಗೆ ಹೊರಟು, ಮೂರು ಕಡೆ ಇಳಿದು ಹತ್ತಿ, ಗೋಳಗುಮ್ಮಟದ ಮುಂದೆ ಬಂದು ನಿಂತಾಗ ಸಂಜೆ ಐದು ಹೊಡೆಯುತ್ತಿತ್ತು. ಆರಕ್ಕೆ ಬಾಗಿಲು ಮುಚ್ಚುತ್ತಾರೆಂದು ಶಿಕ್ಷಕರು ಅವಸರ ಮಾಡಿದರು. ಆ ಇಕ್ಕಟ್ಟಾದ, ಎತ್ತರದ ಮೆಟ್ಟಿಲುಗಳನ್ನು ಮಕ್ಕಳು ಒಬ್ಬರನ್ನೊಬ್ಬರು ದೂಡುತ್ತ ಹತ್ತಿದರು. ಮೇಲಿನ ಪಿಸುಮಾತಿನ ಗ್ಯಾಲರಿಗೆ ಕಾಲಿಟ್ಟ ಕೂಡಲೇ ಅರವತ್ತು ಮಕ್ಕಳೂ ಒಮ್ಮೆಲೇ ಕೂಗಿದರು. ಅಷ್ಟರಲ್ಲಿ ಇನ್ನೆರಡು ಶಾಲೆಗಳ ಮಕ್ಕಳೂ ಮೇಲೆ ಬಂದರು. ಹದಿನೈದು ನಿಮಿಷಗಳ ನಂತರ ಸೀಟಿ ಊದಿ ಎಲ್ಲರನ್ನೂ ಕೆಳಗಿಳಿಸಲಾಯಿತು. ರಾತ್ರಿ ಬಸ್ಸಿನಲ್ಲಿಯೇ ನಿದ್ದೆ ಮಾಡುತ್ತ ಊರು ಸೇರಿದೆವು. ಮರುದಿನ ಮಗಳ ಅಜ್ಜಿ ವಿಜಯಪುರದಲ್ಲಿ ಏನೇನು ನೋಡಿದೆ ಎಂದು ಕೇಳಿದಾಗ ಆಕೆ, ‘ಒದರಿ ಬಂದ್ವಿ ಅಜ್ಜಿ’ ಎಂದಳು. ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅಷ್ಟು ಮಕ್ಕಳನ್ನು ಸುರಕ್ಷಿತವಾಗಿ ಕರೆದೊಯ್ದು ಕರೆತರುವುದೇ ದೊಡ್ಡ ಜವಾಬ್ದಾರಿ. ತಪ್ಪು ಇದ್ದದ್ದು ಪ್ರವಾಸವನ್ನು ಯೋಜಿಸಿದ ರೀತಿಯಲ್ಲಿ, ಮತ್ತು ಆ ಯೋಜನೆಗೆ ಒಪ್ಪಿಗೆ ಕೊಟ್ಟ ಸಭೆಯಲ್ಲಿ ನಾನೂ ಕುಳಿತಿದ್ದೆ.

ಗೋಳಗುಮ್ಮಟ ಮಹಮ್ಮದ್ ಆದಿಲ್‌ಶಾಹನ ಸಮಾಧಿ. ಆತ ತೀರಿಕೊಂಡದ್ದು 1656ರಲ್ಲಿ. ನಡುವೆ ಒಂದು ಕಂಬವೂ ಇಲ್ಲದೆ ನಿಂತ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಗ್ಯಾಲರಿಯಲ್ಲಿ ನಿಂತು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಆ ದನಿ ಬಾಗಿದ ಗೋಡೆಯನ್ನೇ ಹಿಡಿದು ಚದುರದೆ ಸಾಗಿ ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಒಂದೇ ಒಂದು ಚಪ್ಪಾಳೆ ತಟ್ಟಿದರೆ ಅದರ ಮರುದನಿಗಳನ್ನು ಒಂದೊಂದಾಗಿ ಎಣಿಸಬಹುದು. ನೂರು ಜನ ಒಟ್ಟಿಗೆ ಕೂಗಿದಾಗ ಮರುದನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿ ಬರೀ ಗದ್ದಲ ಉಳಿಯುತ್ತದೆ. ಅಂದರೆ ಇಡೀ ನಾಡು ಕೊಂಡಾಡುವ ಆ ವಿಶೇಷವನ್ನು ನಮ್ಮ ಮಕ್ಕಳು ಅಲ್ಲಿಯೇ ನಿಂತಿದ್ದರೂ ಕೇಳಿಸಿಕೊಂಡಿರಲಿಲ್ಲ.

ಇದು ಮನಸ್ಸಿಗೆ ಹತ್ತಿದ್ದರಿಂದ ಕಳೆದ ಡಿಸೆಂಬರ್ ಮೊದಲ ವಾರದಲ್ಲಿ ನಾನು, ನಮ್ಮ ಯಜಮಾನರು, ಅತ್ತೆಯವರು ಹಾಗೂ ಮಗಳು ವಿಜಯಪುರಕ್ಕೆಂದೇ ಹೋಗಿ ಎರಡು ರಾತ್ರಿ ಉಳಿದೆವು. ಗೋಳಗುಮ್ಮಟದ ಹೆಸರನ್ನೇ ಹೊತ್ತ ಎಕ್ಸ್‌ಪ್ರೆಸ್ ರೈಲು ಹುಬ್ಬಳ್ಳಿ, ಗದಗಗಳ ಮೂಲಕವೇ ಹೋಗುತ್ತದೆ. ವಿಜಯಪುರ ನಿಲ್ದಾಣವೂ ಗುಮ್ಮಟಕ್ಕೆ ಹತ್ತಿರದಲ್ಲಿಯೇ ಇದೆ. ಹೊರಡುವ ಮುನ್ನ ಊರಿನ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತದ್ದು ನಮಗೆ ಬಹಳ ಉಪಯೋಗವಾಯಿತು. ಗೋಳಗುಮ್ಮಟ ಊರಿನ ಪೂರ್ವಕ್ಕೆ, ಅರಸರ ಅರಮನೆಗಳಿದ್ದ ಅರಕಿಲ್ಲೆ ನಡುವೆ, ಇಬ್ರಾಹಿಂ ರೋಜಾ ಎಂಬ ಸಮಾಧಿ ಪಶ್ಚಿಮಕ್ಕೆ ಕೋಟೆಗೋಡೆಯ ಆಚೆ. ಆದ್ದರಿಂದ ಮೊದಲ ದಿನ ಪೂರ್ವ ಮತ್ತು ನಡುಭಾಗ, ಎರಡನೆಯ ದಿನ ಪಶ್ಚಿಮ ಎಂದು ಹಂಚಿಕೊಂಡರೆ ಒಂದೇ ದಾರಿಯಲ್ಲಿ ಹತ್ತು ಸಲ ತಿರುಗುವುದು ತಪ್ಪುತ್ತದೆ. ಶುಕ್ರವಾರ ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ರಜೆ. ಜಾಮಿಯಾ ಮಸೀದಿಯಲ್ಲಿಯೂ ಅಂದು ಮಧ್ಯಾಹ್ನ ನಮಾಜು ಇರುವುದರಿಂದ ಆ ದಿನವನ್ನು ಬಿಡುವುದು ಒಳ್ಳೆಯದು. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಜಾತ್ರೆಯನ್ನೇ ನೋಡಬೇಕೆನ್ನುವವರ ಮಾತು ಬೇರೆ. ಉಳಿದವರು ಆಗ ಹೋದರೆ ವಸತಿಗೆ ಪರದಾಡಬೇಕಾದೀತು. ಮಾರ್ಚ್ ನಂತರದ ಬಿಸಿಲಿನಲ್ಲಂತೂ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಲೇಬಾರದು. ಊಟದ ಚಿಂತೆ ಬೇಡ, ರೊಟ್ಟಿ ಊಟದ ಖಾನಾವಳಿಗಳಿಗೆ ಅಲ್ಲಿ ಬರವಿಲ್ಲ.

ಗುಮ್ಮಟದ ಬಾಗಿಲು ಬೆಳಗಿನ ಆರಕ್ಕೆ ತೆರೆಯುತ್ತದೆಂದು ತಿಳಿದು ನಾವು ಆ ಹೊತ್ತಿಗೇ ಹೋದೆವು. ಮೊಣಕಾಲು ನೋವಿನ ಅತ್ತೆಯವರು ಕೆಳಗೆ ಸಮಾಧಿಯ ಕಟ್ಟೆಯ ಬಳಿ ಕುಳಿತರು. ನಾವು ಮೂವರು ಮೇಲೆ ಹತ್ತಿದೆವು. ಗ್ಯಾಲರಿಯಲ್ಲಿ ನಮ್ಮನ್ನು ಬಿಟ್ಟರೆ ಪಾರಿವಾಳಗಳು ಮಾತ್ರ ಇದ್ದವು. ಯಜಮಾನರು ಎದುರು ಬದಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಮಗಳು ಇತ್ತ ತಣ್ಣನೆಯ ಗೋಡೆಗೆ ಕಿವಿ ಹಚ್ಚಿದಳು. ಸ್ವಲ್ಪ ಹೊತ್ತಿನ ನಂತರ ಆಕೆ ಕಣ್ಣರಳಿಸಿ, ‘ಅಪ್ಪಾ ಏನೋ ಹರಿಯಾಕತ್ತಾರ’ ಎಂದಳು. ಅವರು ಕಿಸೆಯಲ್ಲಿದ್ದ ಹಿಂದಿನ ದಿನದ ರೈಲಿನ ಟಿಕೆಟನ್ನು ಮೆಲ್ಲಗೆ ಹರಿಯುತ್ತಿದ್ದರು. ಆ ಕಾಗದದ ಸಪ್ಪಳ ಅಷ್ಟು ಅಗಲದ ಬಯಲನ್ನು ದಾಟಿ ಅವಳ ಕಿವಿಯ ಬುಡದಲ್ಲಿಯೇ ಹರಿದಂತೆ ಕೇಳಿಸಿತ್ತು. ಕೆಳಗೆ ಕುಳಿತ ಅಜ್ಜಿಯನ್ನು ಅಲ್ಲಿಂದಲೇ ಒಮ್ಮೆ ಕೂಗಿದಳು. ಆಮೇಲೆ ಅರ್ಧ ಗಂಟೆ ತಾನಾಗಿಯೇ ಸುಮ್ಮನಿದ್ದಳು. ಏಳೂವರೆಯ ಹೊತ್ತಿಗೆ ಮೊದಲ ಶಾಲೆಯ ಬಸ್ಸು ಬಂದಿತು, ನಾವು ಇಳಿದೆವು.

ಅಲ್ಲಿಂದ ಜಾಮಿಯಾ ಮಸೀದಿಗೆ ಹೋದೆವು. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧದ ನಂತರದ ವರ್ಷಗಳಲ್ಲಿ ಶುರುವಾದ ಕಟ್ಟಡ ಅದು. ಹಂಪಿಯನ್ನು ಕಂಡಿದ್ದ ಮಗಳಿಗೆ, ಅಲ್ಲಿಯ ಹಾಳು ಮತ್ತು ಇಲ್ಲಿಯ ವೈಭವ ಒಂದೇ ಕಥೆಯ ಎರಡು ಭಾಗಗಳೆಂಬುದು ಅಲ್ಲಿ ಹೊಳೆಯಿತು. ಮಧ್ಯಾಹ್ನ ವಿಶ್ರಾಂತಿ ಪಡೆದು, ಬಿಸಿಲು ಇಳಿದ ಮೇಲೆ ಟಾಂಗಾ ಹತ್ತಿ ಗಗನ ಮಹಲ್ ಮತ್ತು ಬಾರಾ ಕಮಾನ್ ನೋಡಿದೆವು. ಗಗನ ಮಹಲಿನ ದೊಡ್ಡ ಕಮಾನಿನ ಕೆಳಗೆ ಒಂದು ಕಾಲಕ್ಕೆ ಅರಸರ ದರ್ಬಾರು ನಡೆಯುತ್ತಿತ್ತು. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ ಔರಂಗಜೇಬನಿಗೆ ಶರಣಾಗಿ ಈ ರಾಜ್ಯವೇ ಮುಗಿದುಹೋಯಿತು. ಬಾರಾ ಕಮಾನ್ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿ. ಮೇಲೆ ಚಾವಣಿ ಹಾಕುವ ಮೊದಲೇ ಕೆಲಸ ನಿಂತುಹೋದ ಆ ಕರಿಗಲ್ಲಿನ ಕಮಾನುಗಳ ನಡುವೆ ಹೊತ್ತು ಮುಳುಗುವುದನ್ನು ನೋಡುತ್ತ ಕುಳಿತಿದ್ದೆವು. ಬೆಳಿಗ್ಗೆ ಮುಗಿದ ಗುಮ್ಮಟ, ಸಂಜೆ ಮುಗಿಯದ ಸಮಾಧಿ. ತಂದೆಯದು ಅದು, ಮಗನದು ಇದು. ಒಂದು ರಾಜ್ಯದ ಏರಿಳಿತವನ್ನು ನಾನು ಶಾಲೆಯ ಪಾಠದಲ್ಲಿ ಹೀಗೆ ಕಂಡಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಉಪ್ಲಿ ಬುರುಜು ಹತ್ತಿದೆವು. 1584ರಲ್ಲಿ ಕಟ್ಟಿದ, ಸುಮಾರು 80 ಅಡಿ ಎತ್ತರದ ಈ ಬುರುಜಿಗೆ ಹೊರಮೈಯನ್ನು ಸುತ್ತುವ ಮೆಟ್ಟಿಲುಗಳಿವೆ. ಮೇಲೆ ನಿಂತರೆ ಇಡೀ ಊರು ಕಾಣುತ್ತದೆ. ಇದನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡದ್ದು ನಮ್ಮ ತಪ್ಪು ಎಂದು ಅಲ್ಲಿ ನಿಂತಾಗ ಅನ್ನಿಸಿತು. ಹೋಗುವವರು ಊರು ತಲುಪಿದ ಸಂಜೆಯೇ ಮೊದಲು ಈ ಬುರುಜು ಹತ್ತಿ, ಎಲ್ಲಿ ಯಾವುದಿದೆಯೆಂದು ಮಕ್ಕಳಿಗೆ ಬೆರಳು ಮಾಡಿ ತೋರಿಸಬೇಕು. ಹತ್ತಿರದಲ್ಲಿಯೇ ಕೋಟೆಯ ಬುರುಜಿನ ಮೇಲೆ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಇದೆ. ತೋಪಿನ ಬಾಯಿ ತೆರೆದ ಸಿಂಹದ ಬಾಯಿಯಂತಿದ್ದು, ಹಲ್ಲುಗಳ ಎಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಬಗ್ಗಿ ನೋಡದಿದ್ದರೆ ಆ ಆನೆ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ತಾಜ್ ಬಾವಡಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ತನ್ನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ ಈ ಬಾವಿಗೆ ಅರಮನೆಯಂಥ ಹೆಬ್ಬಾಗಿಲಿದೆ. ವಿಜಯಪುರದ ಬಳಿ ಹೊಳೆಯಿಲ್ಲ. ಕೃಷ್ಣೆಯೂ ಭೀಮೆಯೂ ದೂರ. ಅಂಥ ಒಣ ನೆಲದಲ್ಲಿ ರಾಜಧಾನಿ ಕಟ್ಟಿದವರು ತೊರವಿಯ ಕಡೆಯಿಂದಲೂ, 1651ರಲ್ಲಿ ಆದ ಬೇಗಂ ತಾಲಾಬ್ ಎಂಬ ಕೆರೆಯಿಂದಲೂ ನೆಲದೊಳಗಿನ ಸುರಂಗ ಹಾಗೂ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಕೊಳವೆ ಒಡೆಯದಂತೆ ನೀರಿನ ಒತ್ತಡವನ್ನು ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎನ್ನುವ ಗೋಪುರಗಳನ್ನು ಕಟ್ಟಿದರು. ಅವುಗಳಲ್ಲಿ ಕೆಲವು ಇಂದಿಗೂ ಓಣಿಗಳ ನಡುವೆ ನಿಂತಿವೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ನಳಕ್ಕೆ ನೀರು ಬಿಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬದುಕುವ ಗದಗ-ಬೆಟಗೇರಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಯಾವುದಿದೆ? ಬಾವಿ, ಕೆರೆ, ಕೊಳವೆ, ಕೋಟೆ, ದರ್ಬಾರು, ಮಸೀದಿ, ಸಮಾಧಿ ಇವೆಲ್ಲ ಸೇರಿ ರಾಜಧಾನಿಯಾಗುತ್ತದೆ. ಗುಮ್ಮಟವೊಂದನ್ನೇ ನೋಡಿ ಬಂದವರು ವಿಜಯಪುರವನ್ನು ನೋಡಿದೆವೆಂದು ಹೇಳುವಂತಿಲ್ಲ.

ಸಂಜೆಯ ಬೆಳಕಿಗೆ ಇಬ್ರಾಹಿಂ ರೋಜಾವನ್ನು ಉಳಿಸಿಕೊಂಡಿದ್ದೆವು. ಮಲಿಕ್ ಸಂದಲ್ ಎಂಬಾತನ ಕೈಕೆಳಗೆ ರೂಪುಗೊಂಡ ಸಮಾಧಿ ಮತ್ತು ಮಸೀದಿ ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿವೆ. ಕಿಟಕಿಯ ಕಲ್ಲನ್ನು ಅಕ್ಷರಗಳ ಆಕಾರದಲ್ಲಿಯೇ ಕೊರೆದಿರುವುದರಿಂದ ಒಳಗಿನಿಂದ ನೋಡಿದರೆ ಬರಹವೇ ಬೆಳಕಾಗಿ ಕಾಣುತ್ತದೆ. ಅಲ್ಲಿ ಮಲಗಿರುವ, ತಾಜ್ ಬಾವಡಿ ಕಟ್ಟಿಸಿದ ಅದೇ ಇಬ್ರಾಹಿಂ ಸಂಗೀತಕ್ಕಾಗಿ ಜೀವ ಬಿಡುತ್ತಿದ್ದ ಅರಸ. ತನ್ನ ಹಾಡುಗಳಲ್ಲಿ ಸರಸ್ವತಿಯನ್ನು, ಗಣಪತಿಯನ್ನು ಸ್ತುತಿಸಿದವನು, ಜಗದ್ಗುರು ಎಂದು ಕರೆಸಿಕೊಂಡವನು. ವೀರೇಶ್ವರ ಪುಣ್ಯಾಶ್ರಮದ ಊರಿನವರಾದ ನಾವು, ಭೀಮಸೇನ ಜೋಶಿಯವರು ಹುಟ್ಟಿದ ಸೀಮೆಯವರು, ಈ ಅರಸನ ಸಮಾಧಿಯ ಮುಂದೆ ಒಂದು ಗಳಿಗೆ ನಿಲ್ಲದೆ ತಿರುಗಿ ಬರುತ್ತೇವೆಂದರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಮೆಟ್ಟಿಲುಗಳಿಗೆ ಹೆದರಿ ಎರಡು ದಿನವೂ ಹಿಂದೆ ಉಳಿದಿದ್ದ ಅತ್ತೆಯವರು ಇಲ್ಲಿ ಮಾತ್ರ ನಮಗಿಂತ ಮುಂದಿದ್ದರು.

ಇಷ್ಟು ಕೊಟ್ಟ ರೊಕ್ಕಕ್ಕೆ ಒಂದೇ ಊರೇ ಎಂದು ಪಾಲಕರು ಕೇಳುತ್ತಾರೆ, ಅದಕ್ಕೇ ಆರು ಊರು ಸೇರಿಸುತ್ತೇವೆ ಎಂಬುದು ಶಾಲೆಗಳ ಉತ್ತರ. ಕೂಲಿ ಮಾಡಿ ಪ್ರವಾಸದ ಹಣ ಹೊಂದಿಸುವ ತಾಯಂದಿರನ್ನು ನಾನು ಬಲ್ಲೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ ಮೂರು ವರ್ಷ ಇರುತ್ತಾರೆ, ನಮ್ಮ ಸುತ್ತ ಮೂರು ರಾಜಧಾನಿಗಳಿವೆ. ಎಂಟನೆಯ ತರಗತಿಗೆ ಚಾಲುಕ್ಯರ ಬಾದಾಮಿ, ಒಂಬತ್ತಕ್ಕೆ ಹಂಪಿ, ಹತ್ತಕ್ಕೆ ವಿಜಯಪುರ ಎಂದು ಇಟ್ಟುಕೊಂಡರೆ ಕಾಲದ ಅನುಕ್ರಮವೂ ಸರಿಹೋಗುತ್ತದೆ, ವರ್ಷಕ್ಕೆ ಒಂದೇ ಊರಾದ್ದರಿಂದ ಬಸ್ಸಿನ ಓಡಾಟವೂ ಕಡಿಮೆಯಾಗುತ್ತದೆ. ಹಾಗೆ ಉಳಿದ ಹಣ ಒಂದು ರಾತ್ರಿಯ ವಸತಿಗೆ ನೆರವಾಗುತ್ತದೆ. ಮಕ್ಕಳು ರಾತ್ರಿಯಿಡೀ ಬಸ್ಸಿನಲ್ಲಿ ತೂಗಾಡುವುದೂ ತಪ್ಪುತ್ತದೆ.

ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಯವರಲ್ಲಿಯೂ ಎರಡು ಕೋರಿಕೆಗಳಿವೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಳಗಿನ ಮೊದಲ ಒಂದು ತಾಸು ಗ್ಯಾಲರಿಗೆ ಇಪ್ಪತ್ತು ಇಪ್ಪತ್ತು ಮಕ್ಕಳನ್ನು ಮಾತ್ರ ಬಿಟ್ಟು, ಕೂಗಬಾರದೆಂಬ ನಿಯಮ ಮಾಡಲಿ. ತಾಜ್ ಬಾವಡಿಯ ಹೆಬ್ಬಾಗಿಲಲ್ಲಿಯೂ ಓಣಿಗಳ ಗಂಜ್‌ಗಳ ಬಳಿಯಲ್ಲಿಯೂ, ನೀರು ಎಲ್ಲಿಂದ ಹೇಗೆ ಬರುತ್ತಿತ್ತೆಂಬುದನ್ನು ಹತ್ತು ವರ್ಷದ ಮಗುವಿಗೂ ತಿಳಿಯುವ ಕನ್ನಡದಲ್ಲಿ, ಚಿತ್ರಸಹಿತ ಫಲಕ ಹಾಕಿ ವಿವರಿಸಲಿ.

ಬರುವ ವಾರ ನಮ್ಮ ಓಣಿಯ ಶಾಲೆಯಲ್ಲಿ ಪಾಲಕರ ಸಭೆ ಇದೆ. ಈ ಸಲ ನಾನು ಪ್ರವಾಸದ ಪಟ್ಟಿಗೆ ಸಹಿ ಮಾಡುವ ಮೊದಲು, ಪ್ರತಿ ಊರಿನ ಮುಂದೆ ಅಲ್ಲಿ ಎಷ್ಟು ತಾಸು ಇರುತ್ತೇವೆಂದು ಬರೆದು ತೋರಿಸಿರೆಂದು ಕೇಳಲಿದ್ದೇನೆ. ಉಳಿದ ಊರುಗಳ ಪಾಲಕರೂ ತಮ್ಮ ಸಭೆಗಳಲ್ಲಿ ಇದನ್ನು ಕೇಳಲಿ.

ತಮ್ಮ ವಿಶ್ವಾಸಿ,
ಓದುಗಳೊಬ್ಬಳು, ಬೆಟಗೇರಿ (ಗದಗ ಜಿಲ್ಲೆ)