ಮೆಟ್ರೋ ಬಂತು, ನಾವು ಹೊರಟ್ವಿ

ಸಂಪಾದಕರೇ,

ನಮ್ಮ ದಹಿಸರ್‌ಗೆ 2022ರ ಏಪ್ರಿಲ್‌ನಲ್ಲಿ ಮೆಟ್ರೋ ಬಂತು, ಅದೇ ತಿಂಗಳಿಂದ ಮುಂಬೈಯಲ್ಲಿ ಮನೆ ತಗೊಳ್ಳೋರಿಗೆ ಸ್ಟ್ಯಾಂಪ್ ಡ್ಯೂಟಿ ಜೊತೆ 1% ಮೆಟ್ರೋ ಸೆಸ್ಸೂ ಬಂತು, ಅಂದ್ರೆ ಮೆಟ್ರೋ ಹತ್ತದವ್ರೂ ದುಡ್ಡು ಕೊಡ್ಬೇಕು. ಮೆಟ್ರೋ ಚೆನ್ನಾಗೇ ಇದೆ ಮಾರಾಯ್ರೆ, ಅಂಧೇರಿಗೆ ಲೋಕಲ್ ಟ್ರೇನ್ ಬಾಗಿಲಲ್ಲಿ ನೇತಾಡ್ಕೊಂಡು ಹೋಗೋದು ತಪ್ತು, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಮೂರು ಮಾಳಿಗೆ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ, ಅಂದ್ರೆ ಕೆಡವಿ ಹೊಸದಾಗಿ ಕಟ್ಟೋಕೆ, ಹೋಯ್ತು, ಓನರ್‌ಗಳಿಗೆ ಹೊಸ ಫ್ಲ್ಯಾಟ್ ಸಿಗತ್ತೆ, 18 ಸಾವಿರ ಬಾಡಿಗೆ ಕೊಟ್ಕೊಂಡಿದ್ದ ನಾವು ಅದೇ ದುಡ್ಡಿಗೆ ಇಲ್ಲೆಲ್ಲೂ ಸಿಗದೆ ದೂರದ ವಿರಾರ್ ಕಡೆ ಮನೆ ಹುಡುಕ್ತಿದ್ದೀವಿ. ಪಕ್ಕದ ಗಲ್ಲಿಯಲ್ಲಿ ಗೋಳಿಬಜೆ ಮಾಡ್ತಿದ್ದ ಕುಂದಾಪುರದ ಅಣ್ಣನ ಅಂಗಡಿ ಜಾಗದಲ್ಲೀಗ ಬ್ರೋಕರ್ ಆಫೀಸು, ಗಾಜಿನ ಬಾಗಿಲಿಗೆ ‘ಮೆಟ್ರೋ 5 ನಿಮಿಷ’ ಅಂತ ಸ್ಟಿಕ್ಕರ್. ನಡೆದು ನೋಡಿ, 14 ನಿಮಿಷ ಆಗತ್ತೆ.

— ಓದುಗ, ದಹಿಸರ್, ಮುಂಬೈ