ಜೇಬಿನ ಪಿಸ್ತೂಲು ಎಷ್ಟು ಭರವಸೆ?

ಮಾನ್ಯರೇ,

ಅಂಗೈಯಲ್ಲಿ ಅಡಗುವ ಪುಟ್ಟ ಪಿಸ್ತೂಲು ಆತ್ಮರಕ್ಷಣೆಗೆ ಸಾಕು ಎಂದು ಕೆಲವರು, ಅದು ಬರೀ ಆಟಿಕೆ ಎಂದು ಇನ್ನು ಕೆಲವರು. ಆಟಿಕೆ ಎಂಬ ಮಾತಂತೂ ಶುದ್ಧ ಅವಿವೇಕ; .22ರ (ಈ ಅಂಕಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ) ಪುಟ್ಟ ಗುಂಡಿಗೂ ಜೀವಗಳು ಹೋಗಿವೆ. ಆದರೆ ಕೊಲ್ಲುವುದು ಬೇರೆ, ಮೈಮೇಲೆ ಬೀಳುತ್ತಿರುವವನನ್ನು ಆ ಕ್ಷಣವೇ ತಡೆಯುವುದು ಬೇರೆ. ಗಂಟೆ ಕಳೆದು ಆಸ್ಪತ್ರೆಯಲ್ಲಿ ಸಾಯುವವನು ಅಷ್ಟರೊಳಗೆ ಮಾಡಬೇಕಾದ ಅನಾಹುತ ಮಾಡಿ ಮುಗಿಸಿರುತ್ತಾನೆ.

ಜೇಬಿನ ಪಿಸ್ತೂಲುಗಳಲ್ಲಿ ಬಳಸುವ .25 ಎಸಿಪಿ ಎಂಬ ಗುಂಡಿನ ಹೊಡೆತದ ಶಕ್ತಿ ಸುಮಾರು 90 ಜೌಲ್. ದೊಡ್ಡ ಪಿಸ್ತೂಲುಗಳ 9 ಎಂಎಂ ಪ್ಯಾರಾಬೆಲಂ ಗುಂಡಿನದು ಸಾಮಾನ್ಯವಾಗಿ 450ಕ್ಕೂ ಮೇಲೆ. ಗುಂಡು ತಗುಲಿದ ಮೇಲೂ ದರೋಡೆಕೋರನೊಬ್ಬ ಕಾದಾಡುತ್ತಲೇ ಇದ್ದ 1986ರ ಮಯಾಮಿ ಗುಂಡಿನ ಕಾಳಗದ ಬಳಿಕ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಮಾಂಸದ ಬದಲಿಗೆ ಪರೀಕ್ಷೆಗೆ ಬಳಸುವ ಜೆಲಟಿನ್‌ನಲ್ಲಿ ಗುಂಡು ಕನಿಷ್ಠ 12 ಇಂಚು ಇಳಿಯಬೇಕೆಂಬ ಅಳತೆಗೋಲು ಇಟ್ಟುಕೊಂಡಿತು. ಗಿಡ್ಡ ನಳಿಕೆಯಿಂದ ಹೊರಟ ಸಣ್ಣ ಗುಂಡು, ಅದರಲ್ಲೂ ತಗುಲಿದೊಡನೆ ಅರಳುವ ಜಾತಿಯದು, ಎಷ್ಟೋ ಸಲ ಅಷ್ಟು ಆಳ ಮುಟ್ಟುವುದಿಲ್ಲ. .22ರದು ಇನ್ನೊಂದು ತಾಪತ್ರಯ: ಕಿಡಿ ಹೊತ್ತಿಸುವ ಮದ್ದು ಕಾಡತೂಸಿನ ಅಂಚಿನೊಳಗೆ ಇರುವುದರಿಂದ ಪಿನ್ನು ಬಡಿದರೂ ಕೆಲವೊಮ್ಮೆ ಹಾರದು.

ಹಿಡಿಯೂ ಅಷ್ಟೇ. ಎರಡು ಬೆರಳಿಗೆ ಮಾತ್ರ ಜಾಗ, ಗುರಿ ನೋಡುವ ಗುರುತುಗಳು ಒಂದಕ್ಕೊಂದು ಅಂಟಿಕೊಂಡಂತೆ. ಕೈ ನಡುಗುವಾಗ ಇವೇ ದೊಡ್ಡ ಶತ್ರು.

ಬೀರುವಿನಲ್ಲಿ ಉಳಿದ ದೊಡ್ಡದಕ್ಕಿಂತ ಜೇಬಿನಲ್ಲಿರುವ ಚಿಕ್ಕದು ಮೇಲು ಎಂಬ ವಾದವನ್ನು ತಳ್ಳಿಹಾಕಲಾರೆ. ಪಿಸ್ತೂಲು ಕಂಡೊಡನೆ ಓಡುವವರೂ ಉಂಟು. ಓಡದವನು ಎದುರಾದರೆ ಮಾತ್ರ ಕಷ್ಟ. ಚಿಕ್ಕದೇ ಬೇಕೆನ್ನುವವರು .380ಕ್ಕಿಂತ ಕೆಳಗೆ ಇಳಿಯದಿರುವುದು ಲೇಸು, ಅದೂ ಪರವಾನಗಿ ಪಡೆದು, ತಪ್ಪದೆ ಗುರಿ ಅಭ್ಯಾಸ ಮಾಡುವವರಾದರೆ.

– ಒಬ್ಬ ಓದುಗ